ತಪ್ಪೊಪ್ಪಿನ ಬುಧವಾರಗಳು

"ನೀವು ನಮ್ಮಪ್ಪನ್ನ ಸಾಯಿಸಿಬಿಟ್ಟಿದೀರಿ," ಎಂದಳು ಹೆಸ್ಟರ್, ಅಂಗಡಿಯ ಬಾಗಿಲಲ್ಲಿ ನಿಂತೇ.

ಏಣಿಯ ಮೇಲಿದ್ದ ಮನುಷ್ಯ ತಿರುಗಿ ನೋಡಿದ. ಕಂಕುಳಲ್ಲಿ ನಾಲ್ಕು ಪುಸ್ತಕ, ಬಾಯಲ್ಲಿ ಪೆನ್ಸಿಲ್. ಪೆನ್ಸಿಲ್ ತೆಗೆಯಲು ಕೈ ಸಾಲದೆ ಹಾಗೇ ಕಣ್ಣು ಬಿಟ್ಟ.

"ಐವತ್ತೆರಡು ವರ್ಷದ ಹಿಂದೇನೇ ಸಾಯಿಸಿದೀರಿ. ನೂರ ಹನ್ನೆರಡನೇ ಪುಟದಲ್ಲಿ. ಹಾಗಾದ್ರೆ ನಾನು ಯಾರ ಮಗಳು ಅಂತ ದಯವಿಟ್ಟು ಹೇಳ್ತೀರಾ?"

ಅವನು ಇಳಿದು ಬಂದ. ಐವತ್ತು ದಾಟಿದ, ಉದ್ದನೆಯ, ಸ್ವಲ್ಪ ಬಾಗಿದ ಆಳು. ಸ್ವೆಟರಿನ ಮೊಣಕೈಗೆ ಬೇರೆ ಬಣ್ಣದ ಉಣ್ಣೆಯ ತೇಪೆ. ಹೆಸರು ಮಾಲ್ಕಮ್ ಹೋಲ್ಟನ್. ಸ್ಕೆಲ್‌ಬಿ ಪೇಟೆಯ ಹಳೇ ಬೀಜದಂಗಡಿಯನ್ನು ಪುಸ್ತಕದಂಗಡಿ ಮಾಡಿಕೊಂಡವನು. ಅಲ್ಲಿದ್ದದ್ದು ಮೂರೇ ಬಗೆಯ ಪುಸ್ತಕ, ಗೋಡೆಗೊಂದು ಬಗೆ: ಯುದ್ಧಕಾಲದ ಬಾಂಬರ್ ವಿಮಾನಗಳ ತಂಡದವರ ಕಥೆ, ಲಿಂಕನ್‌ಶೈರ್ ಸೀಮೆಯ ಇತಿಹಾಸ, ಇಂಗ್ಲಿಷ್ ಗಾದೆಗಳು. ಅರ್ಧ ಅವನೇ ಬರೆದದ್ದು, ಉಳಿದರ್ಧ ಅವನೇ ಅಚ್ಚು ಹಾಕಿಸಿದ್ದು.

ಹೆಸ್ಟರ್ ತಂದಿದ್ದ ಪುಸ್ತಕ ಅವನ ಹೊಸದು, ಸ್ಕೆಲ್‌ಬಿ ವಿಮಾನ ನೆಲೆಯಿಂದ ಹಾರಿದವರ ಕಥೆ. ಅವಳು ಸಂಚಾರಿ ಗ್ರಂಥಾಲಯದ ವ್ಯಾನ್ ಓಡಿಸುವವಳು. ಹೊಸ ಪುಸ್ತಕಕ್ಕೆ ಮೊಹರು ಒತ್ತುವಾಗ ಸುಮ್ಮನೆ ಪುಟ ತಿರುವಿದ್ದಳು. ರೆಕ್ಕೆಯ ಕೆಳಗೆ ಸಾಲಾಗಿ ನಿಂತು ನಗುತ್ತಿದ್ದ ಏಳು ಹುಡುಗರ ಫೋಟೋ. ಎಡಗಡೆಯ ಕೊನೆಯವನು ಅವಳ ಅಪ್ಪ, ವಿಮಾನದ ಬಾಲದಲ್ಲಿ ಕೂತು ಗುಂಡು ಹಾರಿಸುವ ಗನ್ನರ್ ವಾಲ್ಟರ್ ಡೌಸ್. ಕೆಳಗೆ ಬರೆದಿತ್ತು: ಈ ಏಳೂ ಜನ ಫೆಬ್ರವರಿ ಹತ್ತೊಂಬತ್ತರ ಸಂಜೆ ಹೊರಟರು, ಒಬ್ಬರೂ ಮರಳಲಿಲ್ಲ.

"ಅವತ್ತು ನಮ್ಮಪ್ಪ ವಾಲ್ಟರ್ ಡೌಸ್ ಹಾರಲೇ ಇಲ್ಲ. ಕಿವಿಗೆ ಕೀವು ಹಿಡಿದು ಆಸ್ಪತ್ರೆ ಕೋಣೇಲಿ ಮಲಗಿದ್ರು. ಆಮೇಲೆ ಬದುಕಿದ್ರು, ಮದುವೆಯಾದ್ರು, ನಲವತ್ತು ವರ್ಷ ಬಸ್ ಓಡಿಸಿದ್ರು. ತೀರ್ಕೊಂಡು ಆರು ವರ್ಷ ಆಯ್ತು, ಅಷ್ಟೇ."

ಮಾಲ್ಕಮ್ ತಕರಾರು ಮಾಡುತ್ತಾನೆ, ದಾಖಲೆ ತೋರಿಸು ಎನ್ನುತ್ತಾನೆ ಎಂದು ಅವಳು ದಾರಿಯುದ್ದಕ್ಕೂ ಜಗಳಕ್ಕೆ ಸಜ್ಜಾಗಿ ಬಂದಿದ್ದಳು. ಅವನು ಮಾತ್ರ ಮುಖ ಬಿಳಿಚಿಕೊಂಡು ಕುರ್ಚಿಯಲ್ಲಿ ಕುಳಿತುಬಿಟ್ಟ.

"ಉಳಿದವನು..." ಎಂದ.

"ಯಾರು?"

"ನನ್ನ ಹತ್ರ ಒಬ್ಬ ಹುಡುಗ ಉಳಿದುಬಿಟ್ಟಿದ್ದ, ಮಿಸ್ ಡೌಸ್. ಅದೇ ದಿನ ಸತ್ತ ಗನ್ನರ್. ಸಿರಿಲ್ ಟಪ್ಲಿನ್ ಅಂತ, ಹತ್ತೊಂಬತ್ತು ವರ್ಷ. ಯಾವ ವಿಮಾನಕ್ಕೂ ಹೊಂದ್ಲಿಲ್ಲ. ಎಲ್ಲೂ ಜಾಗ ಸಿಗದೆ ಪುಸ್ತಕದ ಕೊನೇಲಿ ಸಣ್ಣ ಅಕ್ಷರದಲ್ಲಿ ಹಾಕಿದೆ." ಕನ್ನಡಕ ತೆಗೆದು ಒರೆಸಿದ. "ಹೊರಡೋರ ಪಟ್ಟಿ ಮಧ್ಯಾಹ್ನವೇ ಟೈಪಾಗ್ತಿತ್ತು. ಆಮೇಲೆ ಯಾರಿಗಾದ್ರೂ ಹುಷಾರು ತಪ್ಪಿದ್ರೆ ಬದಲಿ ಆಳನ್ನ ಹತ್ತಿಸ್ತಿದ್ರು. ಹೆಸರು ತಿದ್ದೋದಕ್ಕೆ ಯಾವಾಗಲೂ ಪುರುಸೊತ್ತಿರ್ತಿರ್ಲಿಲ್ಲ. ನಾನು ಪಟ್ಟಿ ನಂಬಿದೆ."

ಜಗಳಕ್ಕೆ ಬಂದವಳಿಗೆ ಜಗಳವೇ ಸಿಗದಿದ್ದರೆ ಎಲ್ಲಿ ನೋಡಬೇಕೆಂದು ತಿಳಿಯುವುದಿಲ್ಲ. ಹೆಸ್ಟರ್ ಅವನ ತೇಪೆಗಳನ್ನು ನೋಡಿದಳು. ಎರಡು ಮೊಣಕೈಗೂ ಬೇರೆ ಬೇರೆ ಬಣ್ಣ.

"ನಮ್ಮ ಕಡೆ ಒಂದು ಮಾತಿದೆ..." ಎಂದು ಶುರು ಮಾಡಿದ ಮಾಲ್ಕಮ್.

"ನನಗೆ ಮಾತು ಬೇಡ. ತಿದ್ದಿ."

*

ಅಚ್ಚಾಗಿ ಕಟ್ಟಿಟ್ಟ ನಾನೂರು ಪ್ರತಿ ಅಂಗಡಿಯಲ್ಲೇ ಇದ್ದವು. ಬೆರಳಗಲದ ತಪ್ಪೊಪ್ಪಿನ ಚೀಟಿ ಅಚ್ಚು ಹಾಕಿಸಿ, ನೂರ ಹನ್ನೆರಡನೇ ಪುಟದ ಅಂಚಿಗೆ ಒಂದೊಂದನ್ನೇ ಅಂಟಿಸಬೇಕು ಎಂದಾಯಿತು. ವಾಲ್ಟರ್ ಡೌಸ್ ಎಂದಿರುವಲ್ಲಿ ಸಿರಿಲ್ ಟಪ್ಲಿನ್ ಎಂದು ಓದಿಕೊಳ್ಳಿ, ವಾಲ್ಟರ್ ಡೌಸ್ ದೀರ್ಘ ಕಾಲ ಬಾಳಿದರು.

"ನಾನೇ ಬಂದು ಅಂಟಿಸ್ತೀನಿ," ಎಂದಳು ಹೆಸ್ಟರ್. "ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ."

"ಅಂತಾನೇ."

"ಸರಿ, ಅಂತಾನೇ."

ಸ್ಕೆಲ್‌ಬಿಯಲ್ಲಿ ಬುಧವಾರ ಮಧ್ಯಾಹ್ನ ಅಂಗಡಿಗಳು ಬಾಗಿಲು ಹಾಕುತ್ತವೆ. ವ್ಯಾನಿಗೂ ಅವತ್ತು ಅರ್ಧ ದಿನವೇ. ಹಾಗಾಗಿ ಬುಧವಾರ ಎಂದು ಗೊತ್ತಾಯಿತು.

ಬೀಜ ತೂಗುತ್ತಿದ್ದ ಹಳೇ ಉದ್ದನೆಯ ಮೇಜು. ಅವಳು ಚೀಟಿಯ ಅಂಚಿಗೆ ಸಣ್ಣ ಕುಂಚದಿಂದ ಅಂಟು ಸವರುವಳು, ಅವನು ಪುಟ ತೆರೆದು ಹಿಡಿಯುವನು, ಅವಳು ಚೀಟಿ ಇಟ್ಟು ಒತ್ತುವಳು, ಅವನು ಪುಸ್ತಕ ಮುಚ್ಚಿ ಇಟ್ಟಿಗೆಯ ಕೆಳಗೆ ಇಡುವನು. ನಾಲ್ಕು ಕೈ ಒಂದು ಪುಟದ ಮೇಲೆ. ಒಬ್ಬರ ಬೆರಳು ಇನ್ನೊಬ್ಬರ ಬೆರಳಿಗೆ ತಾಗದ ಹಾಗೆ ನೋಡಿಕೊಳ್ಳುವುದರಲ್ಲೇ ಮೊದಲ ಮಧ್ಯಾಹ್ನ ಕಳೆಯಿತು.

ಮೂರೂವರೆಗೆ ಚಹಾ, ಒಣದ್ರಾಕ್ಷಿ ಹಾಕಿದ ಪ್ಲಮ್ ಬ್ರೆಡ್, ಅದರ ಮೇಲೆ ದಪ್ಪಗೆ ಬೆಣ್ಣೆ. ತಿಂದ ಕೈಯಲ್ಲೇ ಹೆಸ್ಟರ್ ಮುಂದಿನ ಪ್ರತಿ ಎತ್ತಿಕೊಂಡಳು. ನೂರ ಹನ್ನೆರಡನೇ ಪುಟದ ಮೂಲೆಯಲ್ಲಿ ಅವಳ ಹೆಬ್ಬೆರಳು ಅಚ್ಚೊತ್ತಿದ ಹಾಗೆ ಮೂಡಿತು.

"ಅಯ್ಯೋ."

"ಇರಲಿ ಬಿಡಿ. ಈ ಪುಸ್ತಕದಲ್ಲಿ ನಿಜವಾಗಿ ಸರಿಯಾಗಿರೋದು ಅದೊಂದೇ ಗುರುತು," ಎಂದ ಮಾಲ್ಕಮ್.

ಅವಳು ನಕ್ಕಳು. ನಕ್ಕದ್ದು ಅವಳಿಗೇ ಆಶ್ಚರ್ಯ.

ಅವನಿಗೊಂದು ಚಟವಿತ್ತು. ಏನು ಕೇಳಿದರೂ ಗಾದೆಯಲ್ಲೇ ಉತ್ತರ. ಮಳೆ ಬರುತ್ತದೋ ಎಂದರೆ ಒಂದು ಗಾದೆ, ಕಾಲು ನೋವೇ ಎಂದರೆ ಇನ್ನೊಂದು. ಮೂರು ಸಂಪುಟ ಕೂಡಿಸಿದವನಿಗೆ ಬರವೆಲ್ಲಿ? ಎರಡನೇ ಬುಧವಾರ ಹೆಸ್ಟರ್ ಕಾನೂನು ಮಾಡಿದಳು: ಗಾದೆ ಹೇಳಿದವರು ಚಹಾದ ಕಪ್ಪು ತೊಳೆಯಬೇಕು.

"ನಮ್ಮ ಕಡೆ ಒಂದು..." ಎಂದು ಅವನು ಬಾಯಿ ತೆರೆದರೆ ಸಾಕು, ಇವಳ ಅಂಟಿನ ಬೆರಳು ಮೇಲೇಳುತ್ತಿತ್ತು. ಅವನು ಬಾಯಿ ಮುಚ್ಚಿ, ಹುಬ್ಬೇರಿಸಿ, ಕಳ್ಳನ ಹಾಗೆ ನೋಡುತ್ತಿದ್ದ. ಆ ನೋಟಕ್ಕಾಗಿಯೇ ಅವಳು ಅವನು ತಪ್ಪು ಮಾಡಲಿ ಎಂದು ಕಾಯತೊಡಗಿದಳು. ನವೆಂಬರಿನ ತುಂಬ ಕಪ್ಪು ತೊಳೆದವನು ಅವನೇ.

"ಯಾಕೆ ಹೀಗೆ?" ಎಂದು ಕೇಳಿದಳು ಒಮ್ಮೆ, ಅವನು ತೊಳೆಯುತ್ತಿರುವಾಗ.

ಅವನು ನಲ್ಲಿ ನಿಲ್ಲಿಸಿದ. "ನನಗೆ ಎಂಟು ವರ್ಷ ಇದ್ದಾಗ ಅಮ್ಮ ತೀರ್ಕೊಂಡ್ಳು. ಅಜ್ಜಿ ಸಾಕಿದ್ರು. ಅಜ್ಜಿ ಅಳಲಿಲ್ಲ, ಅಪ್ಪಿಕೊಳ್ಳಲಿಲ್ಲ. ದಿನಕ್ಕೊಂದು ಗಾದೆ ಹೇಳೋರು. ಅದೇ ಸಮಾಧಾನ. ಆಮೇಲೆ ನನಗೂ ಅದೇ ಬಾಯಿಪಾಠ ಆಯ್ತು. ಹೆಂಡತಿ ಬಿಟ್ಟು ಹೋಗುವಾಗ ಹೇಳಿದ್ಲು: ನಿನ್ನ ಜೊತೆ ಮಾತಾಡಿದ್ರೆ ನಿಮ್ಮಜ್ಜಿ ಜೊತೆ ಸಂಸಾರ ಮಾಡಿದ ಹಾಗಾಗುತ್ತೆ ಮಾಲ್ಕಮ್, ಅಂತ."

ಹೆಸ್ಟರ್ ಟವಲ್ ತೆಗೆದುಕೊಂಡು ಅವನ ಪಕ್ಕ ನಿಂತು ಕಪ್ಪು ಒರೆಸಿದಳು. ಹೇಳಬಹುದಾದ ಮಾತೆಲ್ಲ ಗಾದೆಯಂತೆ ಕೇಳಿಸೀತು ಅನ್ನಿಸಿತು.

ಅವಳ ಬದುಕಿನಲ್ಲಿ ದೊಡ್ಡ ಕಥೆಯೇನೂ ಇರಲಿಲ್ಲ. ಮದುವೆಯಾಗಬೇಕಿದ್ದವನು ನಾಲ್ಕು ವರ್ಷ ಕಾಯಿಸಿ ಬೇರೆಯವಳನ್ನು ಕಟ್ಟಿಕೊಂಡ. ಆಮೇಲೆ ಅಮ್ಮನ ಕಾಯಿಲೆ, ಅಪ್ಪನ ಮುಪ್ಪು. ಇಪ್ಪತ್ತಾರು ವರ್ಷ ಮನೆಮನೆಯ ಬಾಗಿಲಿಗೆ ಪುಸ್ತಕ ಕೊಂಡೊಯ್ದಿದ್ದಳು. ಯಾರು ಯಾವುದನ್ನು ಇಷ್ಟಪಡುತ್ತಾರೆಂದು ನೋಡದೆ ಹೇಳಬಲ್ಲಳು. ಅವಳು ಏನು ಓದುತ್ತಾಳೆಂದು ಮಾತ್ರ ಯಾರೂ ಕೇಳಿರಲಿಲ್ಲ. ಮಾಲ್ಕಮ್ ಮೂರನೇ ಬುಧವಾರ ಕೇಳಿದ. ಉತ್ತರ ಹೇಳಲು ಹೋದವಳು ಕಣ್ಣೊರೆಸಿಕೊಂಡಿದ್ದಳು. ಚಹಾ ಬಿಸಿ ಎಂದು ಸುಳ್ಳು ಹೇಳಿದ್ದಳು.

ಮತ್ತೊಂದು ದಿನ ಅವಳು ಫೋಟೋದ ಹುಡುಗರನ್ನು ನೋಡುತ್ತ ಕೇಳಿದಳು, "ಇವರನ್ನ ಒಟ್ಟು ಹಾಕ್ತಿದ್ದೋರು ಯಾರು? ಮೇಲಧಿಕಾರಿನಾ?"

"ಇಲ್ಲ, ಅದೇ ತಮಾಷೆ. ಸೈನ್ಯದಲ್ಲಿ ಶೂ ಲೇಸಿಗೂ ಆರ್ಡರ್ ಇತ್ತು, ಇದಕ್ಕೆ ಮಾತ್ರ ಇರಲಿಲ್ಲ. ಇನ್ನೂರು ಹುಡುಗರನ್ನ ವಿಮಾನ ನಿಲ್ಲಿಸೋ ಒಂದು ಹ್ಯಾಂಗರಿನೊಳಗೆ ಬಿಟ್ಟು, ನೀವೇ ಆರಿಸ್ಕೊಳ್ಳಿ ಅಂತ ಬಾಗಿಲು ಹಾಕ್ತಿದ್ರು. ಗುರುತಿಲ್ಲ, ಪರಿಚಯ ಇಲ್ಲ."

"ಮತ್ತೆ ಹೇಗೆ?"

"ನಡ್ಕೊಂಡು ಹೋಗಿ ಕೇಳೋದು. ನಿನಗೆ ಗನ್ನರ್ ಸಿಕ್ಕಿದಾನಾ? ಇಲ್ವಾ? ನಾನು ಬರ್ಲಾ? ಅಷ್ಟೇ. ಆಮೇಲೆ ಇವನ ಪ್ರಾಣ ಅವರ ಕೈಲಿ, ಅವರ ಪ್ರಾಣ ಇವನ ಕೈಲಿ."

"ಮುಖ ನೋಡಿನಾ?"

"ಮುಖ ನೋಡಿ. ಕೆಲವರು ಶೂ ಪಾಲಿಶ್ ನೋಡಿ."

"ನೀವಾಗಿದ್ರೆ ಏನು ಮಾಡ್ತಿದ್ರಿ?"

"ನಾನಾ?" ಅವನು ಪುಟವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದುಕೊಂಡಿದ್ದ. "ಗೋಡೆಗೆ ಒರಗಿ ನಿಂತಿರ್ತಿದ್ದೆ. ಸಂಜೆ ಯಾರಿಗೂ ಬೇಡವಾಗಿ ಉಳಿದವರನ್ನೆಲ್ಲ ಸೇರಿಸಿ ಒಂದು ತಂಡ ಮಾಡ್ತಿದ್ರು. ಅದರಲ್ಲಿರ್ತಿದ್ದೆ."

"ಪಾಲಿಶ್ ಇಲ್ಲದ ಶೂನಲ್ಲಿ," ಎಂದಳು ಅವಳು ಮೇಜಿನ ಕೆಳಗೆ ಬಗ್ಗಿ ನೋಡಿ.

ಮುಂದಿನ ಬುಧವಾರ ಅವನ ಶೂ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಇಬ್ಬರೂ ಆ ವಿಷಯ ಎತ್ತಲಿಲ್ಲ.

*

ಡಿಸೆಂಬರಿನಲ್ಲಿ ಕಾಗದ ಬಂತು. ಕಾರ್ನ್‌ವಾಲಿನಲ್ಲಿ ಕಡಲ ಪಕ್ಕ ಚಹಾದಂಗಡಿ ನಡೆಸುತ್ತಿದ್ದ ಹಳೆಯ ಗೆಳತಿ ಪಾಲೀನಳದು. ಜೊತೆಯವಳು ಬಿಟ್ಟು ಹೋಗುತ್ತಿದ್ದಾಳೆ, ಮಾಳಿಗೆಯಲ್ಲಿ ಕಡಲು ಕಾಣುವ ಕೋಣೆಯಿದೆ, ನೀನು ಬಾ. ಮಾರ್ಚ್ ಒಂದರೊಳಗೆ ತಿಳಿಸು. ವ್ಯಾನಿನ ಓಡಾಟ ವಸಂತಕ್ಕೆ ನಿಲ್ಲುತ್ತದೆಂದು ಆಗಲೇ ಗೊತ್ತಾಗಿತ್ತು. ಹೋಗದಿರಲು ಹೆಸ್ಟರಳಿಗೆ ಕಾರಣವೇ ಇರಲಿಲ್ಲ, ಮೇಜಿನ ಆಚೆ ಪುಟ ಹಿಡಿದು ಕುಳಿತ ಒಬ್ಬ ಮನುಷ್ಯನ ಹೊರತು.

ಅವಳು ಅದನ್ನು ಹವಾಮಾನ ಹೇಳುವ ದನಿಯಲ್ಲಿ ಹೇಳಿದಳು. ಹೇಳಿ, ಕುಂಚವನ್ನು ಅಂಟಿನಲ್ಲಿ ಅದ್ದಿ, ಕಾದಳು.

ಮಾಲ್ಕಮ್ ತೆರೆದಿದ್ದ ಪುಸ್ತಕ ಮುಚ್ಚಿ ಇಟ್ಟಿಗೆಯ ಕೆಳಗಿಟ್ಟ. ಆಮೇಲೆ ಗಾದೆ ಹೇಳಿದ. ಊರೂರು ತಿರುಗುವವರ ಬಗ್ಗೆ ಏನೋ ಒಂದು, ಸೊಗಸಾದದ್ದೇ. ಅವಳು ಬೆರಳೆತ್ತಲಿಲ್ಲ. ಅವನು ಎದ್ದು ಹೋಗಿ ತಾನಾಗಿಯೇ ಕಪ್ಪು ತೊಳೆದ. ಆ ನೀರಿನ ಸದ್ದು ಅವಳಿಗೆ ಮನೆಯವರೆಗೂ ಕೇಳಿಸಿತು.

*

ಜನವರಿಯಲ್ಲಿ ಅವಳು ಚೀಟಿ ಅಂಟಿಸಿದ ಒಂದು ಪ್ರತಿಯನ್ನು ವ್ಯಾನಿನಲ್ಲಿ ಇಟ್ಟುಕೊಂಡಿದ್ದಳು. ಐವಿ ಟಾಮ್ಲಿನ್ ಅದನ್ನು ಎತ್ತಿಕೊಂಡಳು. ಐವಿಗೆ ಎಂಬತ್ತು. ದಪ್ಪ ಅಕ್ಷರದ ಪ್ರೇಮ ಕಾದಂಬರಿ ವಾರಕ್ಕೆ ನಾಲ್ಕು ಓದುವವಳು.

"ಇದೇನೇ ಹುಡುಗಿ, ಇದರಲ್ಲಿ ಮುತ್ತಿಡೋ ಭಾಗ ಇದೆಯಾ?"

"ಇಲ್ಲ ಅಜ್ಜಿ. ಬಾಂಬರಿನೋರ ಕಥೆ."

"ಅಯ್ಯೋ, ಅವರ ಹತ್ರ ಮುತ್ತಿಗೇನು ಬರ? ನಾನು ಆ ನೆಲೇಲಿ ಬಸ್ ಓಡಿಸ್ತಿದ್ದೆ ಕಣೇ. ಹುಡುಗರನ್ನ ವಿಮಾನದವರೆಗೂ ಬಿಡೋದು ನನ್ನ ಕೆಲಸ." ಪುಟ ತಿರುವುತ್ತಿದ್ದ ಅವಳ ಕೈ ಚೀಟಿಯ ಮೇಲೆ ನಿಂತಿತು. ತುಟಿ ಮೆಲ್ಲಗೆ ಅಲುಗಿತು. "ಟಪ್ಲಿನ್. ಆ ಮಫ್ಲರ್ ಹುಡುಗ."

ಹೆಸ್ಟರ್ ಅವಳನ್ನು ವ್ಯಾನಿನ ಮೆಟ್ಟಿಲ ಮೇಲೆ ಕೂರಿಸಿದಳು.

"ಬಾಲದ ಗನ್ನರಿಗೆ ಎಲ್ಲರಿಗಿಂತ ಚಳಿ. ಈ ಹುಡುಗನಿಗೆ ಕೊನೇ ಗಳಿಗೇಲಿ ಹೊರಡು ಅಂದ್ರು, ಕತ್ತಿಗೆ ಏನೂ ಇರಲಿಲ್ಲ. ನಡುಗ್ತಾ ಕೂತಿದ್ದ. ನಾನು ಬಸ್ ಹೊರಡಿಸ್ಬೇಕು, ಅಷ್ಟರಲ್ಲಿ ಆಸ್ಪತ್ರೆ ಕೋಣೆಯಿಂದ ನಿಮ್ಮಪ್ಪ ಓಡಿ ಬಂದ. ಪೈಜಾಮಾದಲ್ಲಿ! ತಲೆಗೆ ಬ್ಯಾಂಡೇಜು. ಕಿಟಕಿಯೊಳಗೆ ಕೈ ಹಾಕಿ ತನ್ನ ಮಫ್ಲರ್ ಅವನ ಕತ್ತಿಗೆ ಸುತ್ತಿದ. ನಮ್ಮಮ್ಮ ಹೆಣೆದಿದ್ದು, ನಾಳೆ ವಾಪಸ್ ಕೊಡ್ಬೇಕು ನೋಡು ಅಂದ. ಆ ಹುಡುಗ, ಬೆಳಗ್ಗೆ ತಿಂಡಿಗೆ ಮುಂಚೆ ಕೊಡ್ತೀನಿ ಅಂದ."

ಗಾಳಿ ಬೀಟ್‌ರೂಟ್ ಹೊಲದ ಹಸಿ ಮಣ್ಣಿನ ವಾಸನೆ ತಂದಿತು.

"ಆಮೇಲೆ ಪ್ರತಿ ಫೆಬ್ರವರಿ ನಿಮ್ಮಪ್ಪ ಚರ್ಚಿನ ಮೊಗಸಾಲೆಯ ಕೊಕ್ಕೆಗೆ ಒಂದು ಮಫ್ಲರ್ ತೂಗುಹಾಕಿ ಹೋಗ್ತಿದ್ದ. ಬೇಕಾದೋರು ತಗೊಳ್ಳಲಿ ಅಂತ. ಚರ್ಚು ಗುಡಿಸ್ತಿದ್ದೋಳು ನಾನೇ ಅಲ್ವಾ. ಯಾಕೆ ಹೀಗೆ ನೋಡ್ತೀಯಾ? ನಿನಗೆ ಗೊತ್ತಿತ್ತು ತಾನೆ?"

ಹೆಸ್ಟರಳಿಗೆ ಗೊತ್ತಿದ್ದದ್ದು ಬೇರೆ. ಪ್ರತಿ ಚಳಿಗಾಲ ಅಮ್ಮ ಹೆಣೆಯುತ್ತಿದ್ದದ್ದು, ಪ್ರತಿ ಫೆಬ್ರವರಿ ಅಪ್ಪ ಬರಿಗತ್ತಿನಲ್ಲಿ ಮನೆಗೆ ಬರುತ್ತಿದ್ದದ್ದು. "ಮತ್ತೆ ಕಳ್ಕೊಂಡ್ಯಾ ವಾಲ್ಟರ್? ತಲೆ ಒಂದು ಕತ್ತಿಗೆ ಅಂಟ್ಕೊಂಡಿದೆ, ಇಲ್ಲದಿದ್ರೆ ಅದನ್ನೂ ಬಸ್ಸಲ್ಲೇ ಬಿಡ್ತಿದ್ದೆ!" ಅಪ್ಪ ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದ. ಏಳು ವರ್ಷದ ಹೆಸ್ಟರ್ ಕೂಡ ಸೊಂಟದ ಮೇಲೆ ಕೈಯಿಟ್ಟು ಬೈದಿದ್ದಳು. ಒಮ್ಮೆ ಪೇಟೆಯಲ್ಲಿ ಪೋಸ್ಟ್‌ಮ್ಯಾನ್ ಕತ್ತಿನಲ್ಲಿ ಅಂಥದೇ ನೀಲಿ ಮಫ್ಲರ್ ಕಂಡು ಅವಳು ಅಪ್ಪನ ಕೋಟು ಎಳೆದಾಗ, "ಅದು ನಂದಲ್ಲ ಪುಟ್ಟಿ. ಆದ್ರೂ ಅವನಿಗೆ ಚೆನ್ನಾಗಿ ಒಪ್ಪುತ್ತೆ ಅಲ್ವಾ?" ಎಂದಿದ್ದ.

ನಲವತ್ತು ವರ್ಷ ಮನೆಯವರ ಕಣ್ಣಿಗೆ ಮರೆಗುಳಿಯಾಗಿ ಬಾಳಿದ್ದ ಅಪ್ಪ. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಅಮ್ಮ ಬೈಯುತ್ತಿದ್ದಳೇ? ಅಪ್ಪಿಕೊಳ್ಳುತ್ತಿದ್ದಳು. ಆ ಅಪ್ಪುಗೆ ಇಬ್ಬರಿಗೂ ತಪ್ಪಿಹೋಯಿತು.

ಆ ಬುಧವಾರ ಇದನ್ನೆಲ್ಲ ಹೇಳುವಾಗ ಅವಳು ಅತ್ತಳು. ಮಾಲ್ಕಮ್ ಗಾದೆ ಹೇಳಲಿಲ್ಲ. ಕೈಯನ್ನು ಮೇಜಿನ ಮೇಲೆ ಅವಳ ಕೈಯ ತೀರ ಹತ್ತಿರ ತಂದಿಟ್ಟ. ನಡುವೆ ಒಂದು ಚೀಟಿಯಷ್ಟು ಅಗಲದ ಜಾಗ. ಆ ಜಾಗವನ್ನು ದಾಟಲು ಇಬ್ಬರಿಗೂ ಆಗಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಅವಳು ನೀಲಿ ಉಣ್ಣೆ ಕೊಂಡಳು.

*

ಫೆಬ್ರವರಿಯ ಎರಡನೇ ಬುಧವಾರ, ಅವಳು ಹೊಸದೊಂದು ಪ್ರತಿ ಎತ್ತಿ ನೂರ ಹನ್ನೆರಡನೇ ಪುಟ ತೆರೆದಳು. ಚೀಟಿಯಿರಲಿಲ್ಲ. ಮೂಲೆಯಲ್ಲಿ ಹೆಬ್ಬೆರಳಿನ ಗುರುತಿತ್ತು. ಹಳೇ ಬೆಣ್ಣೆಯ ಮಾಸಲು ಗುರುತು, ಗೆರೆ ಗೆರೆಯಾಗಿ.

ಅವಳು ತನ್ನ ಹೆಬ್ಬೆರಳನ್ನು ಅದರ ಮೇಲಿಟ್ಟು ನೋಡಿದಳು. ಸರಿಯಾಗಿ ಕೂತಿತು. ಪುಟದ ಅಂಚನ್ನು ಬೆಳಕಿಗೆ ಹಿಡಿದಳು. ಒಣಗಿದ ಅಂಟಿನ ಸಣ್ಣ ಗೆರೆ. ಕೆಳಗಿನ ಪ್ರತಿಯಲ್ಲೂ ಗೆರೆ. ಅದರ ಕೆಳಗಿನದರಲ್ಲೂ.

ಒಂದು ಮಧ್ಯಾಹ್ನಕ್ಕೆ ನಲವತ್ತು ಪ್ರತಿ. ನಾನೂರಕ್ಕೆ ಹತ್ತು ಬುಧವಾರ. ಕ್ರಿಸ್‌ಮಸ್ಸಿಗೇ ಮುಗಿಯಬೇಕಿತ್ತು. ಶಾಲೆಯ ಮಗುವೂ ಮಾಡುವ ಈ ಲೆಕ್ಕವನ್ನು ತಾನು ಯಾಕೆ ಮಾಡಿರಲಿಲ್ಲ ಎಂದು ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಕಿವಿ ಬಿಸಿಯಾಯಿತು.

"ಮಾಲ್ಕಮ್."

ಅವನು ಪ್ಲಮ್ ಬ್ರೆಡ್ ತಟ್ಟೆ ಹಿಡಿದು ಬರುತ್ತಿದ್ದ. ತೆರೆದ ಪುಟ ಕಂಡು ಅಲ್ಲೇ ನಿಂತ.

"ಇದು ಮೊದಲನೇ ವಾರದ್ದು. ನನ್ನ ಬೆರಳು. ಚೀಟಿ ಎಲ್ಲಿ?"

ಅವನ ಕುತ್ತಿಗೆಯಿಂದ ಕೆಂಪು ಮೇಲೇರಿತು. ತಟ್ಟೆ ಇಟ್ಟು, ಮೇಜಿನ ಡ್ರಾಯರ್ ಎಳೆದ. ಒಳಗೆ ಚೀಟಿಗಳು, ನೂರಾರು, ದಾರ ಕಟ್ಟಿ ಜೋಡಿಸಿಟ್ಟವು.

"ನೀವು ಹೋದ ಮೇಲೆ..." ಎಂದ. "ಅಂಟು ಹಸಿ ಇರುವಾಗ ಬೇಗ ಬಿಡುತ್ತೆ. ಎಲ್ಲಾನೂ ಅಲ್ಲ. ಮೂವತ್ತು ತೆಗೆದು ಹತ್ತು ಬಿಡ್ತಿದ್ದೆ. ನಿಮಗೆ ಅನುಮಾನ ಬರಬಾರದು ಅಂತ."

ಇಪ್ಪತ್ತಮೂರು ವರ್ಷ ಪುಸ್ತಕ ಅಚ್ಚು ಹಾಕಿಸುತ್ತ, ಒಂದು ಅಲ್ಪವಿರಾಮ ಜಾರಿದರೂ ನಿದ್ದೆಗೆಟ್ಟ ಮನುಷ್ಯ, ಬೇಕೆಂದೇ ತಪ್ಪನ್ನು ವಾಪಸು ತರುತ್ತ ಕುಳಿತಿದ್ದ. ಅವಳಿಗೆ ನಗುವೂ ಬಂತು, ಎದೆಯೂ ತುಂಬಿತು, ಅದರ ಹಿಂದೆಯೇ ಸಣ್ಣದೊಂದು ಸಿಟ್ಟೂ ಬಂತು.

"ನಮ್ಮಪ್ಪನ್ನ ವಾರಾವಾರ ಸಾಯಿಸ್ತಾ ಇದ್ರಿ ಅನ್ನಿ."

"ವಾರಾವಾರ ಬದುಕಿಸೋಕೆ ನೀವು ಬರ್ತಿದ್ರಲ್ಲ."

"ಯಾಕೆ ಮಾಡಿದ್ರಿ?"

ಕೇಳಿದವಳಿಗೂ ಕೇಳಿಸಿಕೊಂಡವನಿಗೂ ಕಾರಣ ಗೊತ್ತಿತ್ತು. ಅವನ ಕಣ್ಣು ಗೋಡೆಯ ಕಡೆ ಓಡಿತು, ಗಾದೆಗಳ ಗೋಡೆಯ ಕಡೆ. "ನಮ್ಮ ಕಡೆ..." ಎಂದ.

ಅವಳು ಬೆರಳೆತ್ತಿದಳು. ಈ ಸಲ ಆಟವಿರಲಿಲ್ಲ.

"ಬೇಡ ಮಾಲ್ಕಮ್. ನಮ್ಮಪ್ಪ ನಲವತ್ತು ವರ್ಷ ಬಾಯಿ ಬಿಡದೆ ಮಫ್ಲರ್ ಕಳ್ಕೊಂಡ್ರು. ನೀವು ಬಾಯಿ ಬಿಡದೆ ಚೀಟಿ ಕೀಳ್ತೀರಿ. ನಾನೇ ಅರ್ಥ ಮಾಡ್ಕೊಂಡು, ನಾನೇ ಉತ್ತರ ಹೇಳ್ಕೊಂಡು ಇರೋದು ನನಗೆ ಸಾಕಾಗಿದೆ. ಮಾರ್ಚ್ ಒಂದಕ್ಕೆ ಪಾಲೀನಳಿಗೆ ಬರೀಬೇಕು. ಅಷ್ಟರಲ್ಲಿ ನಿಮ್ಮದೇ ಒಂದು ಮಾತು ಸಿಕ್ಕಿದ್ರೆ ತಿಳಿಸಿ. ಎರವಲು ತಂದಿದ್ದು ಬೇಡ."

ಕೋಟು ಹಾಕಿಕೊಳ್ಳುವಾಗ ತೋಳು ಸಿಗದೆ ಎರಡು ಸಲ ತಡಕಿದಳು. ಅವನು ಸಹಾಯಕ್ಕೆ ಬಂದ. ತೋಳು ಸಿಕ್ಕಿದ ಮೇಲೂ ಕಾಲರು ಹಿಡಿದುಕೊಂಡೇ ನಿಂತಿದ್ದ.

*

ಮುಂದಿನ ಬುಧವಾರವೇ ಫೆಬ್ರವರಿ ಹತ್ತೊಂಬತ್ತು. ಅವಳು ಅಂಗಡಿಗೆ ಹೋಗಲಿಲ್ಲ. ಹೆಣೆದ ನೀಲಿ ಮಫ್ಲರನ್ನು ಕಾಗದದಲ್ಲಿ ಸುತ್ತಿಕೊಂಡು ಚರ್ಚಿಗೆ ನಡೆದಳು. ಮೂರು ಗಂಟೆ ಇದ್ದೀತು. ಜಿನುಗು ಮಳೆ. ದೂರದಲ್ಲಿ, ಬಯಲಿನ ಅಂಚಿಗೆ, ಲಿಂಕನ್ ಕತೀಡ್ರಲಿನ ಗೋಪುರಗಳು ಮಸಿಯ ಗೀಟಿನಂತಿದ್ದವು. ಮರಳಿ ಬರುತ್ತಿದ್ದ ಹುಡುಗರು ಆ ಗೋಪುರ ಕಂಡರೆ ಮನೆ ಬಂತು ಎನ್ನುತ್ತಿದ್ದರಂತೆ. ಮಾಲ್ಕಮನೇ ಹೇಳಿದ್ದು.

ಮೊಗಸಾಲೆಯ ಒಳಗೆ, ಕಲ್ಲಿನ ಬೆಂಚಿನ ಪಕ್ಕ, ಗೋಡೆಗೆ ಒರಗಿ ಅವನು ನಿಂತಿದ್ದ. ಟೋಪಿಯಿಲ್ಲ, ಕತ್ತಿಗೆ ಏನೂ ಇಲ್ಲ. ಮೂಗು ಕೆಂಪಾಗಿತ್ತು. ಬಹಳ ಹೊತ್ತಿನಿಂದ ನಿಂತಿದ್ದನೆಂದು ಕಾಣುತ್ತಿತ್ತು. ಶೂ ಮಾತ್ರ ಥಳಥಳ.

ಅವನು ಗೋಡೆ ಬಿಟ್ಟು ನೆಟ್ಟಗಾದ. ಜೇಬಿನಿಂದ ಒಂದು ಸಣ್ಣ ಚೀಟಿ ತೆಗೆದ. ತಪ್ಪೊಪ್ಪಿನ ಚೀಟಿಯಷ್ಟೇ ಉದ್ದ, ಅಷ್ಟೇ ಅಗಲ.

"ಏನದು?"

"ಬರ್ಕೊಂಡು ಬಂದೆ. ತಪ್ಪಬಾರದು ಅಂತ."

"ಜೇಬಲ್ಲಿ ಇಡಿ."

"ಆದ್ರೆ ಚೆನ್ನಾಗಿ ಬರೆದಿದೀನಿ, ಹೆಸ್ಟರ್. ಐದು ಸಲ ತಿದ್ದಿದೀನಿ."

"ಅದಕ್ಕೇ ಇಡಿ. ತಪ್ಪು ತಪ್ಪಾಗೇ ಹೇಳಿ."

ಅವನು ಚೀಟಿಯನ್ನು ಜೇಬಿಗೆ ತುರುಕಿದ. ಅವಳಿಗೂ ಅವನಿಗೂ ನಡುವೆ ಹತ್ತು ಹೆಜ್ಜೆಯ ಕಲ್ಲು ನೆಲ. ಅವನು ಅದನ್ನು ನಡೆದು ದಾಟಿದ, ಒಂದೊಂದೇ ಹೆಜ್ಜೆ, ಮೊದಲ ಸಲ ಹ್ಯಾಂಗರಿನೊಳಗೆ ನಡೆಯುವ ಹುಡುಗನ ಹಾಗೆ. ಅವಳೆದುರು ಬಂದು ನಿಂತ.

"ನನಗೆ ಗುರುವಾರ ಕಂಡ್ರಾಗಲ್ಲ," ಎಂದ. "ಯಾಕಂದ್ರೆ... ಬುಧವಾರ ಬರೋಕೆ ಇನ್ನೂ ಆರು ದಿನ. ಗುರುವಾರ ಬೆಳಗ್ಗೆ ಎದ್ದು ನೋಡ್ತೀನಿ, ಬೋರಲು ಹಾಕಿದ ಎರಡು ಕಪ್ಪು ಇರುತ್ತೆ. ಒಂದನ್ನ ಎತ್ತಿ ಒಳಗಿಡೋಕೆ ಆಗಲ್ಲ. ಹಾಗೇ ಬಿಡ್ತೀನಿ, ಶುಕ್ರವಾರದವರೆಗೂ... ಭಾನುವಾರದವರೆಗೂ ಬಿಡ್ತೀನಿ. ನೀವು ಕಾರ್ನ್‌ವಾಲಿಗೆ ಹೋದ್ರೆ ನನಗೆ ಬರೀ ಗುರುವಾರಗಳೇ ಉಳಿಯೋದು." ಉಸಿರು ತೆಗೆದುಕೊಂಡ. "ಇದು ಚೆನ್ನಾಗಿಲ್ಲ. ಚೀಟೀಲಿ ಇದಕ್ಕಿಂತ..."

"ಮುಂದೆ ಹೇಳಿ."

"ಹೋಗ್ಬೇಡಿ. ನನಗೆ ನೀವು ಬೇಕು. ಚೀಟಿ ಅಂಟಿಸೋಕಲ್ಲ." ಅವನ ದನಿ ನಡುಗಿತು. ಅವನು ಅದನ್ನು ಮುಚ್ಚಿಡಲಿಲ್ಲ. "ನಿಮಗೆ ಯಾರಾದ್ರೂ ಸಿಕ್ಕಿದಾರಾ, ಹೆಸ್ಟರ್? ಇಲ್ವಾ? ನಾನು ಬರ್ಲಾ?"

ಇಷ್ಟು ವರ್ಷ ಇತರರ ಮೌನವನ್ನು ಓದಿ ಓದಿ ಅಭ್ಯಾಸವಾಗಿದ್ದವಳಿಗೆ, ತನಗಾಗಿಯೇ ಹೇಳಿದ ಮಾತೊಂದು ಕಿವಿಯಲ್ಲಿ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಕಾಗದ ಬಿಡಿಸಿ ನೀಲಿ ಮಫ್ಲರ್ ತೆಗೆದಳು. ಅವನ ಬರಿಗತ್ತು ನೋಡಿದಳು. ಅವನೂ ಮಫ್ಲರ್ ನೋಡಿದ, ಮಗುವಿನ ಹಾಗೆ ಸ್ವಲ್ಪ ಆಸೆಯಿಂದಲೇ.

ಅವಳು ಅವನನ್ನು ದಾಟಿ ಹೋಗಿ ಅದನ್ನು ಕೊಕ್ಕೆಗೆ ತೂಗುಹಾಕಿದಳು. ಎರಡು ಕಡೆಯೂ ಸಮ ಬರುವಂತೆ ಎಳೆದು, ಒಮ್ಮೆ ಸವರಿದಳು.

"ಇದು ಸಿರಿಲ್ ಟಪ್ಲಿನ್‌ದು," ಎಂದಳು. "ನಿಮ್ಮದು ಮುಂದಿನ ಚಳಿಗಾಲಕ್ಕೆ."

ಮಾಲ್ಕಮ್ ಆ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಂಡ, ಅಚ್ಚಿಗೆ ಮುಂಚೆ ಕೊನೆಯ ಸಲ ಓದುವ ಹಾಗೆ. ಆಮೇಲೆ ಅವನ ಇಡೀ ಮುಖ ಬೆಳಗಿತು.

"ಮುಂದಿನ ಚಳಿಗಾಲ ನೀವು ಇಲ್ಲೇ ಇರ್ತೀರಾ?"

"ನಾನು ಹೆಣೆಯೋದು ಬಹಳ ನಿಧಾನ," ಎಂದು ಹೆಸ್ಟರ್ ಅವನ ತಣ್ಣಗಿದ್ದ ಕೈಯನ್ನು ತನ್ನ ಕೋಟಿನ ಜೇಬಿನೊಳಗೆ ಎಳೆದುಕೊಂಡಳು. "ಬುಧವಾರ ಬುಧವಾರ ಕೂತು ಹೆಣೀತೀನಿ. ನೀವು ಕಪ್ಪು ತೊಳೆಯೋಕೆ ಒಳಗೆ ಹೋದಾಗೆಲ್ಲ ಅರ್ಧ ಬಿಚ್ಚಿಬಿಡ್ತೀನಿ."